ಸುಟ್ಟ ಮಣ್ಣಿನ ಗೋಡೆಯನ್ನು ಉಳಿಸುವ ಬಗೆ



ಪಶ್ಚಿಮ ಬಂಗಾಳದ ಬಾಂಕುಡಾ ಜಿಲ್ಲೆಯಲ್ಲಿ ಬಿಷ್ಣುಪುರವೆಂಬ ಊರಿದೆ. ಮಲ್ಲ ಅರಸರ ರಾಜಧಾನಿಯಾಗಿದ್ದ ಆ ಊರಿನಲ್ಲಿ 1643ರಲ್ಲಿ ಶ್ಯಾಮರಾಯ, 1655ರಲ್ಲಿ ಜೋಡಬಾಂಗ್ಲಾ ಎಂಬ ಇಟ್ಟಿಗೆಯ ಗುಡಿಗಳು ಎದ್ದವು. ಗೋಡೆಗಳ ಮೈತುಂಬ ಸುಟ್ಟ ಮಣ್ಣಿನ ಚಿತ್ರಫಲಕಗಳು. ರಾಮಾಯಣ, ಮಹಾಭಾರತದ ಕಥೆಗಳ ಜೊತೆಗೆ ಬೇಟೆಗಾರರೂ ದೋಣಿಗಳೂ ಅಲ್ಲಿವೆ. ಕಟ್ಟಿಸಿದ ರಘುನಾಥಸಿಂಹನ ಹೆಸರನ್ನು ಚರಿತ್ರೆ ಬರೆದಿಟ್ಟಿದೆ. ಮಣ್ಣು ತುಳಿದು, ಕೆತ್ತಿ, ಆವಿಗೆಯಲ್ಲಿ ಬೇಯಿಸಿದವರ ಗುರುತಾಗಿ ನಮಗೆ ಉಳಿದಿರುವುದು ಆ ಫಲಕಗಳೇ. ಅವು ಅಳಿದರೆ ಆ ದುಡಿಮೆಗಾರರ ಸಾಕ್ಷಿಯೂ ಅಳಿಯಿತು.

ಅಳಿಯುವುದು ಹೇಗೆ? ಇಟ್ಟಿಗೆ ನೆಲದ ನೀರನ್ನು ಬತ್ತಿಯಂತೆ ಮೇಲಕ್ಕೆ ಹೀರುತ್ತದೆ. ನೀರಿನೊಡನೆ ಉಪ್ಪೂ ಏರುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಒಳಗಿಂದ ಒಡೆಯುತ್ತದೆ. ಚಿತ್ರದ ಮೂಗು, ಬೆರಳು ಪುಡಿಯಾಗಿ ಉದುರುತ್ತವೆ. ಮೇಲೆ ಬಿರುಕಿನಲ್ಲಿ ಮೊಳೆತ ಅರಳಿಯ ಬೇರು ಗೋಡೆಯನ್ನೇ ಸೀಳುತ್ತದೆ.

ಆಗ ಒಳ್ಳೆಯ ಮನಸ್ಸಿನಿಂದಲೇ ಕೆಲವರು ಸಿಮೆಂಟು ತರುತ್ತಾರೆ. ಗಟ್ಟಿಯಲ್ಲವೇ ಎನ್ನುತ್ತಾರೆ. ಗಟ್ಟಿಯೇ ಹೌದು, ತೊಂದರೆ ಇರುವುದೂ ಅಲ್ಲಿಯೇ. ಬೆವರಿದ ಮೈಗೆ ರಬ್ಬರಿನ ಅಂಗಿ ತೊಡಿಸಿದಂತೆ ಅದು ಗೋಡೆಯ ತೇವವನ್ನು ತಡೆಯುತ್ತದೆ. ತೇವ ಮೆತ್ತನೆಯ ಇಟ್ಟಿಗೆಯ ಮೂಲಕವೇ ಹೊರಬರಬೇಕಾಗುತ್ತದೆ. ಸಿಮೆಂಟು ಉಳಿಯುತ್ತದೆ, ಚಿತ್ರ ಸವೆಯುತ್ತದೆ. ಸುಣ್ಣದ ಗಾರೆ ಹಾಗಲ್ಲ. ತೇವವನ್ನು ತನ್ನ ಮೂಲಕ ಹೊರಬಿಟ್ಟು, ಸವೆಯುವುದಿದ್ದರೆ ತಾನು ಸವೆಯುತ್ತದೆ. ಗಾರೆಯನ್ನು ಮತ್ತೆ ತುಂಬಬಹುದು, ಫಲಕವನ್ನು ಮತ್ತೆ ತರಲಾಗದು.

ಹಾಗೆಯೇ ತಂತಿಯ ಬ್ರಷ್ಷು, ಆಸಿಡ್ಡು ಹತ್ತಿರ ಸುಳಿಯಬಾರದು. ಬೆಂಕಿಯಲ್ಲಿ ಬೆಂದ ಮೇಲ್ಪದರವೇ ಇಟ್ಟಿಗೆಯ ಚರ್ಮ. ಅದನ್ನು ಕೆರೆದರೆ ಒಳಮಣ್ಣು ಮಳೆಗೆ ಬಯಲಾಗುತ್ತದೆ.

ಸರಿಯಾದ ಕ್ರಮ ಹೀಗಿದೆ. ಮೊದಲು ಮಾಳಿಗೆಯ ಸೋರಿಕೆ ನಿಲ್ಲಿಸಿ, ಬುಡದ ನೀರಿಗೆ ದಾರಿ ಮಾಡಬೇಕು. ಗಿಡವನ್ನು ಎಳೆದು ಕೀಳದೆ, ಬೇರನ್ನು ಸಾಯಿಸಿ ಬಿಡಿಸಬೇಕು. ಶುದ್ಧ ನೀರಿನಲ್ಲಿ ನೆನೆಸಿದ ಕಾಗದದ ರೊಟ್ಟನ್ನು ಗೋಡೆಗೆ ಮೆತ್ತಿ ಉಪ್ಪನ್ನು ಹೀರಿಸಬೇಕು. ಸಂದುಗಳಿಗೆ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆ ತುಂಬಬೇಕು. ಹೊಸ ಫಲಕ ಇಡಲೇಬೇಕಾದರೆ ಅದು ಹೊಸದೆಂದು ತಿಳಿಯುವಂತೆ ಬೆನ್ನಿಗೆ ಇಸವಿ ಹಾಕಬೇಕು.

ಇದೆಲ್ಲ ನಿಧಾನದ ಕೆಲಸ. ಅತಿ ಕಡಿಮೆ ದರ ಕೂಗಿದವನಿಗೆ ಕಂತ್ರಾಟು ಕೊಟ್ಟು, ತಿಂಗಳೊಳಗೆ ಮುಗಿಸೆಂದರೆ ಆಗದು. ಸುಣ್ಣ ಕಳಿಸಿ ಹದ ಮಾಡಬಲ್ಲ ಗಾರೆಯವನು ಬೇಕು, ಮಣ್ಣಿನ ಗುಣ ಬಲ್ಲ ಕುಂಬಾರ ಬೇಕು. ಅವರಿಗೆ ವರ್ಷವಿಡೀ ಕೆಲಸ, ಕಸುಬಿಗೆ ತಕ್ಕ ಕೂಲಿ ಸಿಕ್ಕರೆ ಮಾತ್ರ ಅವರ ಮಕ್ಕಳು ಆ ವಿದ್ಯೆ ಕಲಿತಾರು. ಕಲ್ಲಿಗೂ ಇಟ್ಟಿಗೆಗೂ ಹಣವಿಟ್ಟು ಕೈಗಳನ್ನು ಮರೆತರೆ, ರಕ್ಷಣೆಯ ಫಲಕ ಬಾಗಿಲಲ್ಲಿ ನಿಂತಿರುತ್ತದೆ, ಗೋಡೆ ಪುಡಿಯಾಗುತ್ತಿರುತ್ತದೆ.

ನಿಮ್ಮೂರಿನ ಹಳೆಯ ಗುಡಿಗೋ ಛತ್ರಕ್ಕೋ ದುರಸ್ತಿಯ ಮಾತು ಬಂದಾಗ ಎರಡು ಪ್ರಶ್ನೆ ಕೇಳಿರಿ: ಗಾರೆ ಯಾವುದು? ಕೆಲಸ ಬಲ್ಲವನಿಗೆ ಕೂಲಿ ಎಷ್ಟು? ಉತ್ತರ ಸಿಗುವ ತನಕ ಯಾರೂ ಗೋಡೆಗೆ ಉಳಿ ಮುಟ್ಟಿಸದಂತೆ ನೋಡಿಕೊಳ್ಳಿರಿ.