ಮಕ್ಕಳ ಬಾಯಲ್ಲಿರುವ ವಾಕ್ಯ



ಪ್ರೌಢಶಾಲಾ ಕನ್ನಡ ಶಿಕ್ಷಕರ ಈ ಸಮಾವೇಶದ ಅಧ್ಯಕ್ಷತೆಯನ್ನು ಪ್ರೀತಿಯಿಂದ ನನಗೆ ವಹಿಸಿದ್ದೀರಿ. ಈ ಜಾಗದಲ್ಲಿ ನಿಂತವರು ಭಾಷೆಯ ಅಳಿವು ಉಳಿವಿನ ಬಗ್ಗೆ ಮಾತಾಡುವುದು ವಾಡಿಕೆ. ನಾನು ಅದಕ್ಕಿಂತ ಚಿಕ್ಕದೊಂದನ್ನು ಎತ್ತಿಕೊಂಡಿದ್ದೇನೆ: ನಮ್ಮ ಮಕ್ಕಳು ಬರೆಯುವ ವಾಕ್ಯ.

ಎಂಟನೇ ತರಗತಿಯ ಹುಡುಗಿಯೊಬ್ಬಳು ‘ನಾನು ಕಂಡ ಸಂತೆ’ ಎಂದು ಬರೆದುಕೊಂಡು ಬಂದಿದ್ದಳು. “ನಾನು ಬೆಳಿಗ್ಗೆ ಎದ್ದೆನು. ನಾನು ಅಜ್ಜಿಯ ಜೊತೆ ಸಂತೆಗೆ ಹೋದೆನು. ಅಜ್ಜಿಯು ಹುಣಸೆಹಣ್ಣನ್ನು ಮಾರಿದರು. ಮಳೆಯು ಬಂದಿತು. ಅಜ್ಜಿಯು ಹಣ್ಣನ್ನು ಮುಚ್ಚಿದರು.” ಕಾಗುಣಿತದ ತಪ್ಪು ಒಂದೂ ಇಲ್ಲ. ರುಜು ಹಾಕಿ ಕೊಡಲು ಹೋದವನು ಯಾಕೋ ಪುಸ್ತಕ ಮುಚ್ಚಿ, “ಅವತ್ತು ಏನಾಯ್ತು, ಹೇಳಮ್ಮ” ಎಂದೆ.

“ಅಜ್ಜಿ ಹುಣಸೆಹಣ್ಣು ಹರವ್ಕೊಂಡು ಕೂತಿದ್ರು ಸಾರ್. ಇನ್ನೂ ಬೋಣಿನೇ ಆಗಿರ್ಲಿಲ್ಲ, ಮಳೆ ಬಂದ್ಬಿಡ್ತು. ಮುಚ್ಚೋಕೆ ಏನೂ ಇಲ್ದೆ ಸೆರಗನ್ನೇ ಹೊದಿಸಿದ್ರು ಅಜ್ಜಿ.”

ಆ ಮಗುವಿನ ಬಾಯಲ್ಲಿದ್ದದ್ದು ಕೈಗೆ ಇಳಿಯುವಷ್ಟರಲ್ಲಿ ಎಲ್ಲಿ ಹೋಯಿತು? ನಾವೇ ಕಿತ್ತುಕೊಂಡೆವು ಎಂದು ನೋವಿನಿಂದಲೇ ಹೇಳುತ್ತೇನೆ. ‘ಪೂರ್ಣ ವಾಕ್ಯದಲ್ಲಿ ಉತ್ತರಿಸಿ’ ಎಂದು ಐದನೇ ತರಗತಿಯಿಂದ ಹೇಳಿಕೊಡುತ್ತೇವೆ. ಕರ್ತೃ, ಕರ್ಮ, ಕ್ರಿಯಾಪದ ಎಂಬ ಸಾಲು ತಪ್ಪಿದರೆ ಕೆಂಪು ಗೆರೆ ಎಳೆಯುತ್ತೇವೆ. ನನ್ನ ಮೊದಲ ಹತ್ತು ವರ್ಷ ಅಕಾರ ಹಕಾರ ತಿದ್ದುವುದರಲ್ಲೇ ಕಳೆಯಿತು. ಎಷ್ಟೋ ಮಕ್ಕಳ ಬರವಣಿಗೆಯನ್ನು ಹಾಗೆ ಒಣಗಿಸಿದೆ.

ಆ ಹುಡುಗಿಯ ಮಾತನ್ನು ಬೋರ್ಡಿನ ಮೇಲೆ ಬರೆದೆ. ಹರವಿಕೊಂಡು, ಇಲ್ಲದೆ: ಎರಡೂ ನಾವು ಪಾಠ ಮಾಡುವ ಕೃದಂತಗಳೇ. ಪರೀಕ್ಷೆಯಲ್ಲಿ ‘ಗುರುತಿಸಿ’ ಎಂದು ಕೇಳುತ್ತೇವೆ, ಬಳಸಿ ಎಂದು ಕೇಳುವುದಿಲ್ಲ. ಕೊನೆಯ ವಾಕ್ಯದಲ್ಲಿ ಕ್ರಿಯಾಪದ ಮುಂದೆ ಬಂದು ‘ಅಜ್ಜಿ’ ಹಿಂದೆ ನಿಂತಿದ್ದಾರೆ. ಕೇಳಿದವರ ಕಣ್ಣಿಗೆ ಮೊದಲು ಸೆರಗು ಕಾಣುತ್ತದೆ, ಆಮೇಲೆ ಅಜ್ಜಿ. ವಿಭಕ್ತಿ ಪ್ರತ್ಯಯಗಳಿರುವ ನಮ್ಮ ಭಾಷೆಯಲ್ಲಿ ಪದಗಳು ಹೀಗೆ ಜಾಗ ಬದಲಿಸಿದರೂ ಅರ್ಥ ಕೆಡುವುದಿಲ್ಲ. ಇನ್ನು ‘ಎದ್ದೆನು’ ಎಂಬಲ್ಲಿ ‘ನಾನು’ ಆಗಲೇ ಕೂತಿದೆ; ಪ್ರತಿ ವಾಕ್ಯದ ತಲೆಯ ಮೇಲೆ ಮತ್ತೊಂದು ‘ನಾನು’ ಹೇರಬೇಕಾಗಿಲ್ಲ.

ಕೃದಂತ ಬಳಸಬಹುದೆಂದು ತಿಳಿದ ಮಕ್ಕಳು ಮರುದಿನವೇ “ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ಸು ಹತ್ತಿ, ಇಳಿದು” ಎಂದು ರೈಲು ಬಿಡುತ್ತಾರೆ. ಬಿಡಲಿ. ಆಗಲೇ ವ್ಯಾಕರಣಕ್ಕೆ ಕೆಲಸ ಸಿಗುವುದು. “ಮಳೆ ಬಂದು ಕೆರೆ ತುಂಬಿತು” ಸರಿ, “ನಾನು ಮನೆಗೆ ಬಂದು ಮಳೆ ಸುರಿಯಿತು” ತಪ್ಪು. ಯಾಕೆ ಎಂದು ಕೇಳಿ. ಮೊದಲನೆಯದರಲ್ಲಿ ಮಳೆಯಿಂದಲೇ ಕೆರೆ ತುಂಬಿತು. ಎರಡನೆಯದರಲ್ಲಿ ಬಂದವನೇ ಬೇರೆ, ಸುರಿದದ್ದೇ ಬೇರೆ, ಒಂದರಿಂದ ಇನ್ನೊಂದು ಆಗಿದ್ದೂ ಅಲ್ಲ. ಅಲ್ಲಿ ‘ಬಂದಾಗ’ ಬೇಕು. ಮಕ್ಕಳು ಕಿವಿಯಿಂದಲೇ ಹಿಡಿಯುತ್ತಾರೆ, ಸೂತ್ರ ಆಮೇಲೆ ಹೇಳಿದರಾಯಿತು.

ಉದ್ದ ವಾಕ್ಯ ಮೇಲು, ಗಿಡ್ಡ ವಾಕ್ಯ ಕೀಳು ಎಂದು ನಾನು ಹೇಳುತ್ತಿಲ್ಲ. ನಮ್ಮ ಗದ್ಯದ ಮೊದಲ ಪುಟಗಳಾದ ‘ವಡ್ಡಾರಾಧನೆ’ಯಲ್ಲಿ ಕೃದಂತಗಳು ಒಂದರ ಕೈ ಒಂದು ಹಿಡಿದು ಮೈಲಿಗಟ್ಟಲೆ ನಡೆಯುತ್ತವೆ. ಹನ್ನೆರಡನೇ ಶತಮಾನದ ವಚನಕಾರರು ಎದುರಿಗೆ ಕೂತವರೊಡನೆ ಮಾತಾಡುವ ಹಾಗೆ ಚಿಕ್ಕ ಚಿಕ್ಕ ವಾಕ್ಯ ಇಟ್ಟರು. ಮಾಸ್ತಿಯವರ ಕಥೆಗಳ ಸರಳ ವಾಕ್ಯವನ್ನೂ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಕಾಡಿನ ವರ್ಣನೆಯನ್ನೂ ಒಂದೇ ಪೀರಿಯಡ್‌ನಲ್ಲಿ ಗಟ್ಟಿಯಾಗಿ ಓದಿಸಿ ನೋಡಿ. ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಪಠ್ಯವನ್ನು ಗಟ್ಟಿಯಾಗಿ ಓದಿಸುವುದು ಕಡಿಮೆಯಾಗಿರುವುದೇ ನನಗೆ ದೊಡ್ಡ ಚಿಂತೆ.

ಅರವತ್ತು ಮಕ್ಕಳ ನೋಟ್ಸ್ ತಿದ್ದುವ ಹೊರೆ ನನಗೆ ಗೊತ್ತು. ಎಲ್ಲವನ್ನೂ ತಿದ್ದಬೇಡಿ. ವಾರಕ್ಕೆ ಒಂದು ಮಗುವಿನ ಐದು ವಾಕ್ಯಗಳನ್ನು, ಹೆಸರು ಹೇಳದೆ, ಬೋರ್ಡಿಗೆ ಹಾಕಿ. ತಿದ್ದುವುದನ್ನು ತರಗತಿಗೇ ಬಿಡಿ. ಅದೇ ಸಂಗತಿಯನ್ನು ಮೂವರು ಮೂರು ರೀತಿ ಬರೆದರೆ ಮೂರನ್ನೂ ಉಳಿಸಿ, ಯಾವುದು ಯಾಕೆ ಹಿಡಿಸಿತು ಎಂದು ಕೇಳಿ. ‘ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ’ ಎಂದು ಗೈಡಿನಿಂದ ಉರು ಹೊಡೆಸುವ ಪ್ರಬಂಧಗಳನ್ನು ಈ ವರ್ಷವಾದರೂ ಪಕ್ಕಕ್ಕಿಡೋಣ.

ಮಧ್ಯಾಹ್ನದ ಗೋಷ್ಠಿಗೆ ನಿಮ್ಮ ನಿಮ್ಮ ತರಗತಿಯ ಒಂದು ನೋಟ್‌ಬುಕ್ ತರಲು ಹೇಳಿದ್ದೆವು. ಊಟ ಮುಗಿಸಿ ಬನ್ನಿ, ಬೋರ್ಡು ಸಿದ್ಧವಿದೆ. ಮೊದಲಿಗೆ ಆ ಸಂತೆಯ ಐದು ವಾಕ್ಯಗಳನ್ನು ಬರೆಯುತ್ತೇನೆ. ಅವನ್ನು ನೀವು ತಿದ್ದಬೇಕು.