ನರ್ಸಿಂಗ್‌ಗೆ ಸೇರುವ ಮೊದಲು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಳೆಯ ನೆನಪುಗಳನ್ನು ಹೇಳಬೇಕೆಂದು ಸಮಿತಿಯವರು ಕರೆದಿದ್ದರು. ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಅನೇಕರಿದ್ದಾರೆ. ನಾನು ಇಪ್ಪತ್ತೇಳು ವರ್ಷಗಳಿಂದ ನರ್ಸ್. ಈ ಶಾಲೆಯಿಂದ ಹೊರಡುವಾಗ ನನಗೆ ಯಾರಾದರೂ ಹೇಳಬೇಕಿದ್ದ ಒಂದು ಮಾತನ್ನು ಇಂದು ನಿಮಗೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ನಾಲ್ಕನೆಯದು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ ಬಂದಿತ್ತು. ಆದರೂ ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡೆ. ವಿಜ್ಞಾನವೆಂದರೆ ಇಂಗ್ಲಿಷಿನ ಪುಸ್ತಕ, ಟ್ಯೂಷನ್ನಿಗೆ ದುಡ್ಡು ಎಂಬ ಹೆದರಿಕೆ. ಹುಡುಗಿಗೆ ಅಷ್ಟೆಲ್ಲ ಯಾಕೆ ಎಂದವರೂ ಇದ್ದರು. ದ್ವಿತೀಯ ಪಿಯುಸಿಯಲ್ಲಿದ್ದಾಗ ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಹದಿನೆಂಟು ದಿನ ನಾನೇ ಜೊತೆಗಿದ್ದೆ. ಅಜ್ಜಿಯ ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದ ಸಿಸ್ಟರನ್ನು ನೋಡಿ, ಆದರೆ ಇದೇ ಆಗಬೇಕು ಎಂದುಕೊಂಡೆ.

ಫಲಿತಾಂಶ ಬಂದ ಮೇಲೆ ಬಿ.ಎಸ್ಸಿ. ನರ್ಸಿಂಗ್‌ಗೆ ಅರ್ಜಿ ಕೇಳಲು ಹೋದೆ. ಗುಮಾಸ್ತರು ಅಂಕಪಟ್ಟಿಯನ್ನು ಒಮ್ಮೆ ನೋಡಿ, ವಿಜ್ಞಾನ ಇಲ್ಲವಲ್ಲಮ್ಮ ಎಂದು ವಾಪಸು ಕೊಟ್ಟರು. ಅಂಕ ಕಡಿಮೆ ಎಂದಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಒಂದು ಅರ್ಜಿಯಲ್ಲಿ ಹಾಕಿದ ಗುರುತು ಆ ಬಾಗಿಲನ್ನು ಮುಚ್ಚಿತ್ತು. ಕೊನೆಗೆ ಡಿಪ್ಲೊಮಾ, ಅಂದರೆ ಜಿ.ಎನ್.ಎಂ. ಸೇರಿದೆ. ಮೂರು ವರ್ಷ ಓದು, ಆರು ವರ್ಷ ಕೆಲಸ, ಮತ್ತೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನೇರ ದಾರಿಯಲ್ಲಿ ನಾಲ್ಕು ವರ್ಷಕ್ಕೆ ಸಿಗುವ ಪದವಿ ನನಗೆ ಹನ್ನೊಂದು ವರ್ಷಕ್ಕೆ ಸಿಕ್ಕಿತು. ನಷ್ಟವಾಯಿತೆನ್ನುವುದಿಲ್ಲ, ಸುತ್ತುಬಳಸಿ ಬಂದೆ ಅಷ್ಟೆ.

ಆದರೆ ಕಳೆದ ವರ್ಷ ನಮ್ಮ ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ರಬ್ಬರ್ ಟ್ಯಾಪಿಂಗ್ ಮಾಡಿ ಮಗಳನ್ನು ಓದಿಸಿದವರು. ಮಗಳಿಗೆ ವಾಣಿಜ್ಯ ವಿಭಾಗದಲ್ಲಿ ಒಳ್ಳೆಯ ಅಂಕ. ಯಾರೋ ಮಧ್ಯವರ್ತಿ ಬಿ.ಎಸ್ಸಿ. ನರ್ಸಿಂಗ್ ಸೀಟು ಕೊಡಿಸುತ್ತೇನೆಂದು ಇಪ್ಪತ್ತೈದು ಸಾವಿರ ಮುಂಗಡ ತೆಗೆದುಕೊಂಡಿದ್ದ. ಆ ಹುಡುಗಿಗೆ ಅರ್ಹತೆಯೇ ಇಲ್ಲ ಎಂದು ಹೇಳಬೇಕಾದವಳು ನಾನಾದೆ. ದುಡ್ಡು ವಾಪಸು ಬರಲಿಲ್ಲ. ಅವಳೀಗ ಜಿ.ಎನ್.ಎಂ. ಓದುತ್ತಿದ್ದಾಳೆ. ಅವತ್ತು ಆ ತಾಯಿ, "ಇದನ್ನು ಮೊದಲೇ ಹೇಳುವವರು ಯಾರೂ ಇರಲಿಲ್ಲವಾ?" ಎಂದು ಕೇಳಿದರು. ಆ ಪ್ರಶ್ನೆಗಾಗಿಯೇ ಇಂದು ಇಲ್ಲಿ ನಿಂತಿದ್ದೇನೆ.

ಆದ್ದರಿಂದ ಮಕ್ಕಳೇ, ಪೋಷಕರೇ, ಗಮನವಿಟ್ಟು ಕೇಳಿ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇರಬೇಕು. ಅವುಗಳಲ್ಲಿ ಒಟ್ಟು ಕನಿಷ್ಠ ಶೇ. 45 ಅಂಕ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40. ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ವಿಜ್ಞಾನ ತೆಗೆದುಕೊಂಡರೂ ಜೀವಶಾಸ್ತ್ರ ಬಿಟ್ಟು ಗಣಕ ವಿಜ್ಞಾನ ಆರಿಸಿಕೊಂಡರೆ ಈ ಬಾಗಿಲು ಮುಚ್ಚುತ್ತದೆ. ಇದು ಅನೇಕರಿಗೆ ತಿಳಿದಿಲ್ಲ.

ಕಲೆ, ವಾಣಿಜ್ಯ ಓದಿದವರಿಗೆ ಮೂರು ವರ್ಷದ ಜಿ.ಎನ್.ಎಂ. ಇದೆ. ಇಂಗ್ಲಿಷ್ ಇರುವ ಪಿಯುಸಿಯಲ್ಲಿ ಶೇ. 40 ಸಾಕು. ಎರಡು ವರ್ಷದ ಎ.ಎನ್.ಎಂ. ಕೂಡ ಇದೆ. ಗಂಡುಮಕ್ಕಳೂ ಧಾರಾಳವಾಗಿ ಬಿ.ಎಸ್ಸಿ., ಜಿ.ಎನ್.ಎಂ. ಓದಬಹುದು, ವಾರ್ಡಿನಲ್ಲಿ ಅವರ ಅಗತ್ಯ ಬಹಳವಿದೆ.

ಬಿ.ಎಸ್ಸಿ.ಯ ಸರಕಾರಿ ಕೋಟಾದ ಸೀಟುಗಳು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ಅರ್ಜಿ ಹಾಕುವಾಗ ಆ ವರ್ಷದ ಕೈಪಿಡಿಯನ್ನು ಪೂರ್ತಿ ಓದಿ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಅಲ್ಲಿ ಮೀಸಲಾತಿ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರ ಕೊಡುವುದು ನೀವು ಓದಿದ ಶಾಲೆಯೇ. ಹಳ್ಳಿ ಶಾಲೆ, ಕನ್ನಡ ಮಾಧ್ಯಮ ಎಂದು ಹಿಂಜರಿಯುತ್ತಿದ್ದವರು ನಾವು. ಅದೇ ಇಲ್ಲಿ ನಮ್ಮ ಕೈ ಹಿಡಿಯುತ್ತದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಮಾನ್ಯತೆಯಿರುವ ಬೇರೆ ವಿಶ್ವವಿದ್ಯಾಲಯದ ಪದವಿಯೇ, ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿದೆಯೇ, ವಿದ್ಯಾರ್ಥಿಗಳು ಯಾವ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಾರೆ, ಈ ಮೂರನ್ನು ಕೇಳಿ. ಅದಕ್ಕೆ ಮೊದಲು ಯಾರಿಗೂ ಮುಂಗಡ ಕೊಡಬೇಡಿ.

ಇನ್ನು ವಿಜ್ಞಾನ ಯಾಕೆ ಬೇಕು? ಉತ್ತರ ಮೊದಲ ವರ್ಷದಲ್ಲೇ ಸಿಗುತ್ತದೆ. ಅಂಗರಚನೆ, ಶರೀರಕ್ರಿಯೆ, ಮನಃಶಾಸ್ತ್ರ, ಸಮಾಜಶಾಸ್ತ್ರ, ಜೀವರಸಾಯನ, ಪೋಷಣೆ, ಜೊತೆಗೆ ಶುಶ್ರೂಷೆಯ ಮೂಲಪಾಠ. ಪುಸ್ತಕವೆಲ್ಲ ಇಂಗ್ಲಿಷ್. ನಾನು ಅಂಗರಚನೆಯಲ್ಲಿ ಮೊದಲ ಸಲ ಫೇಲಾದೆ. ಬುದ್ಧಿ ಇಲ್ಲದೆ ಅಲ್ಲ, ಉಳಿದವರು ಪಿಯುಸಿಯಲ್ಲಿ ಕಲಿತು ಬಂದದ್ದನ್ನು ನಾನು ಅಲ್ಲೇ ಹೊಸದಾಗಿ ಕಲಿಯಬೇಕಿತ್ತು. ಅಮೆರಿಕದ ಅನೇಕ ಕಡೆ ಇಂಥ ವಿಷಯಗಳನ್ನು ನರ್ಸಿಂಗ್‌ಗೆ ಸೇರುವ ಮೊದಲೇ ಓದಿ ಮುಗಿಸಬೇಕು. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ರಸಾಯನ, ಸಂಖ್ಯಾಶಾಸ್ತ್ರ, ಮನಃಶಾಸ್ತ್ರ ಇವುಗಳಲ್ಲಿ ಒಳ್ಳೆಯ ದರ್ಜೆ ಬಂದರೆ ಮಾತ್ರ ಅನೇಕ ಕಾಲೇಜುಗಳು ಅರ್ಜಿಯನ್ನೇ ತೆಗೆದುಕೊಳ್ಳುತ್ತವೆ. ನಮ್ಮಲ್ಲಿ ಆ ಪೂರ್ವಸಿದ್ಧತೆಯ ಜಾಗದಲ್ಲಿರುವುದು ಎರಡು ವರ್ಷದ ಪಿಯುಸಿ. ಅದಕ್ಕೂ ಮೊದಲು ಈ ಹೈಸ್ಕೂಲು.

ಇದಕ್ಕೆ ನಮ್ಮ ತೋಟದ ಉದಾಹರಣೆಯನ್ನೇ ಕೊಡುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಬಿಡುತ್ತೇವೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅದು ಶೇ. 1ರ ಬೋರ್ಡೋ ದ್ರಾವಣ. ಪ್ರಮಾಣ ತಪ್ಪಿದರೆ ಏನಾಗುತ್ತದೆಂದು ನನ್ನ ಅಪ್ಪನಿಗೆ ಗೊತ್ತಿತ್ತು. ಆಸ್ಪತ್ರೆಯ ಸಲೈನ್ ಬಾಟಲಿಯ ಮೇಲೆ ಶೇ. 0.9 ಎಂದಿರುತ್ತದೆ. ಅಂದರೆ ನೂರು ಮಿ.ಲೀ.ನಲ್ಲಿ 0.9 ಗ್ರಾಂ ಉಪ್ಪು. ಅದೇ ಲೆಕ್ಕ. 500 ಮಿ.ಲೀ. ಬಾಟಲಿ ನಾಲ್ಕು ಗಂಟೆಯಲ್ಲಿ ಮುಗಿಯಬೇಕು, 20 ಹನಿಗೆ ಒಂದು ಮಿ.ಲೀ. ಎಂದಾದರೆ ನಿಮಿಷಕ್ಕೆ ಎಷ್ಟು ಹನಿ? ಒಟ್ಟು ಹತ್ತು ಸಾವಿರ ಹನಿ, 240 ನಿಮಿಷ. ಸುಮಾರು 42 ಹನಿ. ರಾತ್ರಿ ಎರಡು ಗಂಟೆಗೆ, ಹಾಸಿಗೆಯಲ್ಲಿ ಮಗುವೊಂದು ಮಲಗಿರುವಾಗ, ಈ ಭಾಗಾಕಾರವನ್ನು ನಾನೇ ಮಾಡಬೇಕು. ಅಲ್ಲಿ ಕೃಪಾಂಕವಿಲ್ಲ. ಆ ಭಾಗಾಕಾರವನ್ನು ನಾನು ಕಲಿತದ್ದು ಇದೇ ಶಾಲೆಯ ಎಂಟನೇ ತರಗತಿಯ ಬೆಂಚಿನಲ್ಲಿ, ಎರಡು ಸಲ ತಪ್ಪು ಮಾಡಿ, ಮೂರನೇ ಸಲ ಬೋರ್ಡಿನ ಮುಂದೆ ನಿಂತು.

ಗುರುಗಳಲ್ಲಿ ಒಂದು ವಿನಂತಿ. ಹತ್ತನೆಯ ತರಗತಿಯವರಿಗೆ ವರ್ಷಕ್ಕೊಮ್ಮೆ, ಪಿಯುಸಿ ಅರ್ಜಿ ತುಂಬುವ ಮೊದಲು, ಯಾವ ವಿಭಾಗದಿಂದ ಯಾವ ದಾರಿ ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂದು ಒಂದು ಮಧ್ಯಾಹ್ನ ತಿಳಿಸಿ. ನರ್ಸಿಂಗ್ ಬಗ್ಗೆ ಹೇಳಲು ನಾನು ರಜೆ ಹಾಕಿ ಬರುತ್ತೇನೆ. ಬೇರೆ ಉದ್ಯೋಗಗಳಲ್ಲಿರುವ ಹಿರಿಯ ವಿದ್ಯಾರ್ಥಿಗಳೂ ಬರಲಿ. ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಡದಷ್ಟೇ ಇದೂ ಉಳಿಯುತ್ತದೆ.

ಮಕ್ಕಳೇ, ಎಲ್ಲರೂ ನರ್ಸ್ ಆಗಿ ಎಂದು ನಾನು ಹೇಳುವುದಿಲ್ಲ. ಆಗಬೇಕೆನಿಸಿದ ದಿನ ಬಾಗಿಲು ತೆರೆದಿರಲಿ, ಅಷ್ಟೇ. ನನ್ನ ಅಜ್ಜಿಯನ್ನು ಮಗ್ಗುಲು ಬದಲಿಸಿದ ಆ ಸಿಸ್ಟರಿನ ಹೆಸರು ನನಗೆ ಗೊತ್ತಿಲ್ಲ. ಅವರ ಕೈ ಮಾತ್ರ ನೆನಪಿದೆ. ಆ ಕೈಯ ಕೆಲಸ ಕಲಿಯಲು ನಿಮಗೆ ಹನ್ನೊಂದು ವರ್ಷ ಬೇಡ, ನಾಲ್ಕೇ ಸಾಕಾಗಲಿ.