ಯಂತ್ರದ ತೋಳಿಗೆ ಪಾಠ ಹೇಳುವವರು



ತುಮಕೂರಿನ ವಸಂತನರಸಾಪುರ, ಕುಣಿಗಲ್‌ನ ಅಂಚೇಪಾಳ್ಯ, ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಇವೆಲ್ಲ ನಿಮ್ಮ ಸುತ್ತಲೇ ಇವೆ. ಇಂಥ ಕಡೆ ಕೆಲಸ ಬಯಸುವವರಿಗೆ ಒಂದು ಅಳುಕು: ರೋಬಾಟ್ ನಮ್ಮ ಕೆಲಸ ಕಸಿದೀತೇ? ಅದಕ್ಕೆ ಕೆಲಸ ಕಲಿಸುವವರು ಯಾರೆಂದು ಮೊದಲು ನೋಡೋಣ.

1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಬಂದದ್ದು 'ಯುನಿಮೇಟ್'. ಆ ಪರಂಪರೆಯ ರೋಬಾಟ್‌ಗಳಿಗೆ ಬಲ, ವೇಗ ಹೆಚ್ಚು. ಎದುರಿಗೆ ಮನುಷ್ಯನಿದ್ದರೂ ತಾವಾಗಿ ಅರಿಯವು. ಆದ್ದರಿಂದ ಸುತ್ತ ಬೇಲಿ. ತಯಾರಕರ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ತಜ್ಞರೇ ಬೇಕು.

ಡೆನ್ಮಾರ್ಕ್‌ನ ಯೂನಿವರ್ಸಲ್ ರೋಬಾಟ್ಸ್ 2008ರಲ್ಲಿ ಮಾರತೊಡಗಿದ 'ಸಹಕಾರಿ' ತೋಳು ಬೇರೆ ಬಗೆಯದು. ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವಂತೆ, ತೋಳನ್ನು ಹಿಡಿದು ಬೇಕಾದಲ್ಲಿಗೆ ಒಯ್ದು ಗುಂಡಿ ಒತ್ತಿದರಾಯಿತು. ಕೀಲುಗಳ ಕೋನಗಳು ನೆನಪಿನಲ್ಲಿ ಉಳಿಯುತ್ತವೆ. ಯಾರಿಗಾದರೂ ತಗುಲಿದರೆ ನಿಲ್ಲುತ್ತದೆ.

ಆದರೆ ಅದು ಹಿಡಿದದ್ದು ಚೂಪಾದ ತಗಡಾದರೆ? ಆಗ ಇದಕ್ಕೂ ಬೇಲಿ ಬೇಕಾದೀತು. ಬಿಡಿಭಾಗ ಓರೆಯಾಗಿ ಬಂದರೆ ಏನು ಮಾಡಬೇಕೆಂಬುದನ್ನೂ ಮೊದಲೇ ಹೇಳಿಕೊಡಬೇಕು. ಇದನ್ನೆಲ್ಲ ಊಹಿಸಬಲ್ಲವರು ಆ ಕೆಲಸವನ್ನು ಸ್ವತಃ ಮಾಡಿದವರು.

ಒಂದೇ ಕೆಲಸವನ್ನು ದಿನವಿಡೀ ಮಾಡುವ ಕೆಲವು ಹುದ್ದೆಗಳು ಹೋಗಬಹುದು, ನಿಜ. ಕಲಿಸುವ ಹುದ್ದೆ ಮಾತ್ರ ಕೆಲಸ ಬಲ್ಲವರಿಗೇ. ಆದ್ದರಿಂದ ಕಂಪ್ಯೂಟರ್ ಕಲಿಯಿರಿ. ಜೊತೆಗೆ ವರ್ಕ್‌ಶಾಪ್ ತರಗತಿಯನ್ನೂ ತಪ್ಪಿಸಬೇಡಿ.